ಫೋರ್ ವೀಲ್ ಡ್ರೈವ್ ಕೈಕೊಟ್ಟರೆ: ಪ್ರತಿ ರೋಗಕ್ಕೂ ಒಂದು ಹುಟ್ಟಿದ ವರ್ಷ

ಇವತ್ತಿನ ಮಾತು ಫೋರ್ ವೀಲ್ ಡ್ರೈವ್ ಬಗ್ಗೆ. ಯಾವ ಗಾಡಿ ತಗೋಬೇಕು, ಯಾವುದು ಮೈಲೇಜ್ ಕೊಡುತ್ತೆ ಅನ್ನೋದಲ್ಲ, ಅದಕ್ಕೆ ಬೇಕಾದಷ್ಟು ಚಾನೆಲ್‌ಗಳಿವೆ. ನನ್ನ ಪ್ರಶ್ನೆ ಬೇರೆ. ಮಳೆಗಾಲ, ತಾಮ್ಹಿಣಿ ಘಾಟಿನ ಒಂದು ಮಣ್ಣಿನ ದಾರಿ, ಸ್ವಿಚ್ಚನ್ನು 4 ಹೈಗೆ ತಿರುಗಿಸ್ತೀರಿ, ಡ್ಯಾಶ್‌ಬೋರ್ಡಿನ ದೀಪ ಮಿನುಗ್ತಾ ಕೂರುತ್ತೆ, ಮುಂದಿನ ಚಕ್ರ ಅಲ್ಲಾಡಲ್ಲ. ತಪ್ಪು ಎಲ್ಲಿದೆ? ಟ್ರಾನ್ಸ್‌ಫರ್ ಕೇಸಿನಲ್ಲೋ, ಹಬ್ಬಿನಲ್ಲೋ, ಒಂದು ರಬ್ಬರ್ ಪೈಪಿನಲ್ಲೋ, ವೈರಿನಲ್ಲೋ? ಇವುಗಳ ರಿಪೇರಿ ಖರ್ಚಿನ ನಡುವೆ ನೂರಾರು ರೂಪಾಯಿಯಿಂದ ಲಕ್ಷದವರೆಗೆ ಅಂತರ ಇದೆ. ಅದಕ್ಕಿಂತ ಮುಖ್ಯವಾಗಿ, ಘಾಟಿ ಇಳಿಯುವಾಗ ಅದು ಕೆಲಸ ಮಾಡಬೇಕೋ ಬೇಡವೋ ಅನ್ನೋದಿದೆ.

ಇದಕ್ಕೆ ಇತಿಹಾಸ ಯಾಕೆ ಅಂತ ಕೇಳಬಹುದು. ಹಳೆಯ ಕೋಡ್‌ಬೇಸ್‌ನಲ್ಲಿ ಕೆಲಸ ಮಾಡಿದವರಿಗೆ ಇದನ್ನ ವಿವರಿಸಿ ಹೇಳಬೇಕಿಲ್ಲ. ವಿಚಿತ್ರವಾಗಿ ಕಾಣುವ ಪ್ರತಿ ಸಾಲಿನ ಹಿಂದೆ ಯಾವತ್ತೋ ಯಾರೋ ಒಂದು ತೊಂದರೆಗೆ ಹಾಕಿದ ತೇಪೆ ಇರುತ್ತೆ. ಫೋರ್ ವೀಲ್ ಡ್ರೈವ್ ಕೂಡ ಹಾಗೇ. ಒಂದು ಸಮಸ್ಯೆಗೆ ಪರಿಹಾರ ಕಂಡುಹಿಡಿದರು, ಆ ಪರಿಹಾರವೇ ಮುಂದಿನ ಸಮಸ್ಯೆ ಆಯ್ತು. ಯಾವ ಭಾಗ ಯಾಕೆ ಬಂತು ಅಂತ ಗೊತ್ತಿದ್ದರೆ ಅದು ಹೇಗೆ ಕೆಡುತ್ತೆ ಅಂತ ಊಹಿಸಬಹುದು.

ಮೊದಲ ಸಮಸ್ಯೆಯಿಂದ ಶುರು ಮಾಡೋಣ. ಹಿಂದಿನ ಚಕ್ರಕ್ಕೆ ಎಂಜಿನ್ ಶಕ್ತಿ ಕೊಡೋದು ಸುಲಭ, ಅದು ನೇರ ನೋಡ್ತಾ ಇರುತ್ತೆ. ಮುಂದಿನ ಚಕ್ರ ತಿರುಗಲೂ ಬೇಕು, ಅಂದರೆ ಉರುಳಲೂ ಬೇಕು, ಎಡಕ್ಕೆ ಬಲಕ್ಕೆ ಹೊರಳಲೂ ಬೇಕು. ಹೊರಳುವ ಚಕ್ರಕ್ಕೆ ಶಾಫ್ಟ್ ಜೋಡಿಸೋದು ಹೇಗೆ? ಡಚ್ ಕಂಪನಿ ಸ್ಪೈಕರ್ 1903ರಲ್ಲೇ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಪೆಟ್ರೋಲ್ ಕಾರು ಮಾಡಿತ್ತು. ಆದ್ರೆ ಇದನ್ನ ದಿನಬಳಕೆಯ ಟ್ರಕ್ಕಿನ ಮಟ್ಟಕ್ಕೆ ತಂದದ್ದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕ್ಲಿಂಟನ್‌ವಿಲ್ ಅನ್ನೋ ಸಣ್ಣ ಊರಿನ ಇಬ್ಬರು, ಆಟೋ ಝಾಕೋ ಮತ್ತು ವಿಲಿಯಂ ಬೆಸ್ಸರ್ಡಿಚ್. ಭಾವ ಭಾವಮೈದುನರು, ಊರಲ್ಲಿ ಒಂದು ವರ್ಕ್‌ಶಾಪ್ ಇಟ್ಟುಕೊಂಡಿದ್ದವರು. 1908ರಲ್ಲಿ ಅವರಿಗೆ ಸಿಕ್ಕ ಪೇಟೆಂಟಿನ ತಿರುಳೇ ಈ ಕೀಲು: ಗುಂಡಗಿನ ಹೌಸಿಂಗ್ ಒಳಗೆ ಕೂತ ಒಂದು ಯೂನಿವರ್ಸಲ್ ಜಾಯಿಂಟ್, ಶಕ್ತಿಯನ್ನೂ ದಾಟಿಸುತ್ತೆ, ಚಕ್ರವನ್ನು ಹೊರಳಲೂ ಬಿಡುತ್ತೆ. ಅವರ ಮೊದಲ ಗಾಡಿಗೆ 'ಬ್ಯಾಟಲ್‌ಶಿಪ್' ಅಂತ ಹೆಸರು, ಯುದ್ಧನೌಕೆ. ನೋಡಲಿಕ್ಕೂ ಹಾಗೇ ಇತ್ತು. ಅವರು ಕಟ್ಟಿದ ಎಫ್‌ಡಬ್ಲ್ಯೂಡಿ ಕಂಪನಿಯ ಟ್ರಕ್ಕುಗಳು ಮೊದಲ ಮಹಾಯುದ್ಧದ ಕೆಸರಿನಲ್ಲಿ ಸಾವಿರಗಟ್ಟಲೆ ಓಡಿದವು. ಬೆಸ್ಸರ್ಡಿಚ್ ಮುಂದೆ ಅಲ್ಲಿಂದ ಹೊರಬಂದು ಇನ್ನೊಂದು ಕಂಪನಿ ಶುರು ಮಾಡಿದ, ಅದೇ ಇವತ್ತಿಗೂ ಸೇನಾ ಟ್ರಕ್ಕಿಗೆ ಹೆಸರಾದ ಆಶ್‌ಕಾಶ್.

ಆದರೆ ಯೂನಿವರ್ಸಲ್ ಜಾಯಿಂಟಿನಲ್ಲಿ, ನಮ್ಮ ಮೆಕ್ಯಾನಿಕ್ಕುಗಳು 'ಕ್ರಾಸ್' ಅಂತಾರಲ್ಲ ಅದರಲ್ಲಿ, ಒಂದು ಗಣಿತದ ಕಾಟ ಇದೆ. ಅದು ಹೊಸದಲ್ಲ, ರಾಬರ್ಟ್ ಹುಕ್ ಕಾಲದ್ದು, 17ನೇ ಶತಮಾನ. ಕೀಲು ನೇರ ಇದ್ದಾಗ ಒಳಗೆ ಎಷ್ಟು ವೇಗ ಹೋಯಿತೋ ಹೊರಗೂ ಅಷ್ಟೇ. ಕೋನ ಬಂದ ತಕ್ಷಣ ಹೊರಗಿನ ವೇಗ ಏರಿಳಿಯೋಕೆ ಶುರು. 30 ಡಿಗ್ರಿ ಬಾಗಿಸಿ, ಒಳಗೆ ನಿಮಿಷಕ್ಕೆ 100 ಸುತ್ತು ಕೊಡಿ. ಹೊರಗೆ ಅದು ಸುಮಾರು 87ರಿಂದ 115ರ ನಡುವೆ ತೂಗಾಡುತ್ತೆ, ಅದೂ ಪ್ರತಿ ಸುತ್ತಿಗೆ ಎರಡು ಸಲ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಕೈಗೆ ಬಡಿಯುವ ಆ ಎಳೆತ ಬಿಡಿತ ಇದೇ. ಅದಕ್ಕಾಗಿ 1920ರ ದಶಕದಲ್ಲಿ ಸಿವಿ ಜಾಯಿಂಟುಗಳು ಬಂದವು: ಫ್ರಾನ್ಸಿನಲ್ಲಿ ಟ್ರಾಕ್ಟಾ, ಅಮೆರಿಕದಲ್ಲಿ ರ್ಝೆಪ್ಪಾ. ರ್ಝೆಪ್ಪಾದಲ್ಲಿ ಆರು ಉಕ್ಕಿನ ಗುಂಡುಗಳು ಬಾಗಿದ ಕಾಲುವೆಗಳಲ್ಲಿ ಕೂತು ಎಷ್ಟೇ ಕೋನ ಇದ್ದರೂ ಸಮವೇಗ ದಾಟಿಸುತ್ತವೆ. ಇವತ್ತು ನಿಮ್ಮ ಗಾಡಿಯ ಮುಂದಿನ ಚಕ್ರದಲ್ಲಿ ಹೆಚ್ಚುಕಡಿಮೆ ಅದೇ ಇದೆ.

ಹಾಗಾಗಿ ಕಿವಿ ಕೊಟ್ಟರೆ ಎರಡು ಬೇರೆ ಬೇರೆ ಶಬ್ದ. ಸ್ಟೀರಿಂಗ್ ಪೂರ್ತಿ ಮುರಿದು ನಿಧಾನ ಹೋಗುವಾಗ ಟಕ ಟಕ ಟಕ ಅಂತ ಲಯಬದ್ಧವಾಗಿ ಬಂದರೆ ಸಿವಿ ಜಾಯಿಂಟ್. ರಬ್ಬರ್ ಬೂಟ್ ಹರಿದು ಗ್ರೀಸ್ ಚೆಲ್ಲಿ, ಮರಳು ಒಳಗೆ ಹೋಗಿ ಆ ಕಾಲುವೆಗಳು ಸವೆದಿವೆ. ಗೇರ್ ಹಾಕಿ ಕ್ಲಚ್ ಬಿಟ್ಟ ಕ್ಷಣಕ್ಕೆ ಒಂದೇ ಒಂದು 'ಟಂಗ್' ಬಂದರೆ ಅದು ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಇರಬಹುದು. ಇನ್ನೊಂದು ಇದೆ, ಇದನ್ನ ತುಂಬಾ ಜನ ತಪ್ಪಿಸಿಕೊಳ್ತಾರೆ: ಶಾಫ್ಟಿನ ಎರಡು ತುದಿಯ ಕ್ರಾಸುಗಳು ಒಂದರ ಏರಿಳಿತವನ್ನು ಇನ್ನೊಂದು ರದ್ದು ಮಾಡುವ ಹಾಗೆ ಜೋಡಿಸಿರ್ತಾರೆ. ಯಾರೋ ಶಾಫ್ಟ್ ಬಿಚ್ಚಿ ಮತ್ತೆ ಸೇರಿಸುವಾಗ ಹಲ್ಲುಗಳನ್ನು ಒಂದೆರಡು ಆಚೀಚೆ ಕೂರಿಸಿದರೆ ರದ್ದಾಗುವ ಬದಲು ಕಂಪನ ಉಳಿದುಬಿಡುತ್ತೆ. ವರ್ಕ್‌ಶಾಪಿಂದ ಬಂದ ಮೇಲೇ ನಡುಕ ಶುರುವಾಗಿದ್ರೆ ಹೊಸ ಬೇರಿಂಗ್ ಕೊಳ್ಳುವ ಮೊದಲು ಶಾಫ್ಟಿನ ಮೇಲಿನ ಬಾಣದ ಗುರುತು ನೋಡಿ.

ಈಗ 1940. ಜುಲೈ ತಿಂಗಳಲ್ಲಿ ಅಮೆರಿಕದ ಸೇನೆ 135 ಕಂಪನಿಗಳಿಗೆ ಪತ್ರ ಬರೆದು ಒಂದು ಸಣ್ಣ, ಹಗುರ, ನಾಲ್ಕೂ ಚಕ್ರ ಎಳೆಯುವ ಗಾಡಿ ಕೇಳಿತು. ಮೊದಲ ಮಾದರಿ ಕೊಡೋಕೆ 49 ದಿನ. ನಮ್ಮಲ್ಲಿ ಕ್ಲೈಂಟ್ ಕೊಡುವ ಗಡುವೇ ವಾಸಿ. ಒಪ್ಪಿಕೊಂಡದ್ದು ಪೆನ್ಸಿಲ್ವೇನಿಯಾದ ಬಟ್ಲರ್ ಊರಿನ ಬ್ಯಾಂಟಮ್ ಅನ್ನೋ ಮುಳುಗ್ತಾ ಇದ್ದ ಕಂಪನಿ. ಕಾರ್ಲ್ ಪ್ರೋಬ್ಸ್ಟ್ ಅನ್ನೋ ಎಂಜಿನಿಯರ್ ಕೆಲವೇ ದಿನಗಳಲ್ಲಿ ನಕ್ಷೆ ಮುಗಿಸಿದ. ಸೆಪ್ಟೆಂಬರ್ 23ರಂದು, ಗಡುವಿಗೆ ಅರ್ಧ ಗಂಟೆ ಬಾಕಿ ಇರುವಾಗ, ಗಾಡಿ ಬಾಲ್ಟಿಮೋರಿನ ಕ್ಯಾಂಪ್ ಹೊಲಾಬರ್ಡ್ ಗೇಟ್ ದಾಟಿತು ಅಂತಾರೆ. ಆದರೆ ದೊಡ್ಡ ಆರ್ಡರ್ ಬ್ಯಾಂಟಮ್‌ಗೆ ಸಿಗಲಿಲ್ಲ. ಅದರ ವಿನ್ಯಾಸ ನೋಡಿಕೊಂಡ ವಿಲ್ಲಿಸ್ ಮತ್ತು ಫೋರ್ಡ್ ಯುದ್ಧ ಮುಗಿಯುವಷ್ಟರಲ್ಲಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. ನ್ಯಾಯವೇ ಅಂತ ಕೇಳಿದ್ರೆ, ನನಗಂತೂ ಅಲ್ಲ ಅನಿಸುತ್ತೆ.

ನಮಗೆ ಬೇಕಾದದ್ದು ಆ ಜೀಪಿನ ಹೊಟ್ಟೆಯಲ್ಲಿದ್ದ ಸ್ಪೈಸರ್ 18 ಅನ್ನೋ ಟ್ರಾನ್ಸ್‌ಫರ್ ಕೇಸ್. ಬಹಳ ಸರಳ. ಒಂದು ಲೀವರ್ ಮುಂದಿನ ಆಕ್ಸಲನ್ನು ಸೇರಿಸೋಕೆ, ಇನ್ನೊಂದು ಹೈ ಲೋ ಮಾಡೋಕೆ. ಮುಂದಿನ ಆಕ್ಸಲ್ ಸೇರಿಸದೆ ಲೋಗೆ ಹಾಕೋಕೆ ಆಗದಂತೆ ಒಳಗೇ ಒಂದು ತಡೆ, ಯಾಕಂದ್ರೆ ಲೋ ಗೇರಿನ ಅಷ್ಟೂ ಬಲ ಹಿಂದಿನ ಆಕ್ಸಲ್ ಒಂದಕ್ಕೇ ಬಿದ್ದರೆ ಅದು ಮುರಿಯಬಹುದು. ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್ ಇರಲಿಲ್ಲ. ಸೇರಿಸಿದಿರಿ ಅಂದ್ರೆ ಎರಡೂ ಒಂದೇ ವೇಗದಲ್ಲೇ ತಿರುಗಬೇಕು, ಬೇರೆ ದಾರಿ ಇಲ್ಲ.

ಇಲ್ಲೊಂದು ಲೆಕ್ಕ ಮಾಡಿ ನೋಡೋಣ. ಜೀಪಿನ ವೀಲ್‌ಬೇಸ್ 80 ಇಂಚು, ಅಂದ್ರೆ ಸುಮಾರು 2.03 ಮೀಟರ್. ಹಿಂದಿನ ಆಕ್ಸಲಿನ ಮಧ್ಯಭಾಗ 5 ಮೀಟರ್ ತ್ರಿಜ್ಯದ ವೃತ್ತದಲ್ಲಿ ಹೋಗ್ತಾ ಇದೆ ಅಂದುಕೊಳ್ಳಿ. ಪೈಥಾಗೊರಸ್ ಹಾಕಿದ್ರೆ ಮುಂದಿನ ಆಕ್ಸಲ್ 5.4 ಮೀಟರ್ ವೃತ್ತದಲ್ಲಿ ಹೋಗುತ್ತೆ. ಒಂದು ಪೂರ್ತಿ ಸುತ್ತಿಗೆ ಹಿಂದಿನದ್ದು 31.4 ಮೀಟರ್, ಮುಂದಿನದ್ದು 33.9 ಮೀಟರ್. ವ್ಯತ್ಯಾಸ ಎರಡೂವರೆ ಮೀಟರ್. ಆ ಜೀಪಿನ ಟೈರಿನ ಸುತ್ತಳತೆ ಸುಮಾರು ಎರಡೂಕಾಲು ಮೀಟರ್. ಅಂದರೆ ಒಂದು ಯೂ ಟರ್ನ್ ಪೂರ್ತಿ ವೃತ್ತ ಮಾಡಿದರೆ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಒಂದು ಸುತ್ತಿಗೂ ಹೆಚ್ಚು ಉರುಳಬೇಕು. ಆದ್ರೆ ಶಾಫ್ಟು ಬಿಡಲ್ಲ. ಕೆಸರಲ್ಲಿ ಪರವಾಗಿಲ್ಲ, ಟೈರ್ ಜಾರಿಕೊಂಡು ಲೆಕ್ಕ ಸರಿ ಮಾಡಿಕೊಳ್ಳುತ್ತೆ. ಒಣ ಡಾಂಬರು ರಸ್ತೆಯಲ್ಲಿ ಟೈರ್ ಜಾರಲ್ಲ, ಆ ಒಂದು ಸುತ್ತಿನ ಸಾಲ ಶಾಫ್ಟಿನಲ್ಲಿ ಮುರುಕಾಗಿ ಕೂಡಿಬೀಳುತ್ತೆ. ಗಾಡಿ ಬ್ರೇಕ್ ಹಿಡಿದ ಹಾಗೆ ಭಾರ ಆಗುತ್ತೆ, ಸ್ಟೀರಿಂಗ್ ಬಿಗಿಯುತ್ತೆ, ಲೀವರ್ ಎಳೆದರೂ ಬರಲ್ಲ.

ಯುದ್ಧಕಾಲದ ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ಲೋಹದ ಫಲಕ ಇರ್ತಿತ್ತು. ಗಟ್ಟಿಯಾದ ಒಣ ರಸ್ತೆಯಲ್ಲಿ ಮುಂದಿನ ಆಕ್ಸಲ್ ಡ್ರೈವ್ ಬಿಡಿಸಿ ಅನ್ನೋ ಸೂಚನೆ ಅದರ ಮೇಲೇ ಅಚ್ಚಾಗಿತ್ತು. 80 ವರ್ಷ ದಾಟಿದೆ. ಇವತ್ತಿಗೂ 'ಫೋರ್ ವೀಲ್‌ನಿಂದ ಟೂ ವೀಲ್‌ಗೆ ವಾಪಸ್ ಬರ್ತಾ ಇಲ್ಲ, ಗೇರ್ ಬಾಕ್ಸ್ ಹೋಗಿದೆ' ಅಂತ ದೂರು ಬಂದಾಗ, ಎಷ್ಟೋ ಸಲ ಏನೂ ಹೋಗಿರಲ್ಲ. ಕೂಡಿಬಿದ್ದ ಮುರುಕು ಲೀವರನ್ನು ಕಚ್ಚಿಕೊಂಡಿದೆ ಅಷ್ಟೇ. ಸ್ಟೀರಿಂಗ್ ನೇರ ಇಟ್ಟು ಹತ್ತಿಪ್ಪತ್ತು ಅಡಿ ರಿವರ್ಸ್ ಹೋಗಿ, ಅಥವಾ ಒಂದು ಪಕ್ಕದ ಚಕ್ರಗಳನ್ನು ರಸ್ತೆಯಂಚಿನ ಸಡಿಲ ಮಣ್ಣಿಗೆ ಇಳಿಸಿ ಸ್ವಲ್ಪ ಚಲಿಸಿ, 'ಕಟ್' ಅಂತ ಬಿಟ್ಟುಕೊಳ್ಳುತ್ತೆ. ಮಡಿಕೇರಿಯಿಂದ ಮಾಂದಲಪಟ್ಟಿಗೆ ಜೀಪ್ ಹತ್ತಿಸುವ ಚಾಲಕರನ್ನು ಗಮನಿಸಿ. ಕಲ್ಲುದಾರಿ ಮುಗಿದು ಡಾಂಬರು ಬಂದ ಕೂಡಲೇ ಅವರ ಕೈ ತಾನಾಗೇ ಲೀವರಿಗೆ ಹೋಗುತ್ತೆ.

ಮಾಂದಲಪಟ್ಟಿ ಅಂದೆನಲ್ಲ, ಜೀಪು ನಮ್ಮಲ್ಲಿಗೆ ಬಂದ ಕಥೆ ಸ್ವಲ್ಪ ಹೇಳಿಬಿಡ್ತೀನಿ. ಯುದ್ಧ ಮುಗಿದ ಮೇಲೆ ಸೇನೆ ಬಿಟ್ಟುಹೋದ ಮತ್ತು ಹರಾಜಿಗೆ ಬಂದ ಗಾಡಿಗಳು ಒಂದು ದಾರಿ. ಇನ್ನೊಂದು, 1947ರಲ್ಲಿ ಮುಂಬೈಯಲ್ಲಿ ಮಹೀಂದ್ರಾ ವಿಲ್ಲಿಸ್ ಜೀಪುಗಳ ಜೋಡಣೆ ಶುರು ಮಾಡಿದ್ದು. ಕೊಡಗು ಮತ್ತು ಮಲೆನಾಡಿನ ಕಾಫಿ ತೋಟಗಳ ಕಡಿದಾದ ಮಣ್ಣುದಾರಿಗೆ ಇದಕ್ಕಿಂತ ಹೊಂದುವ ಗಾಡಿ ಇರಲಿಲ್ಲ.

ಮೂರನೆಯ ದಾರಿ ಒಂದು ಹಗರಣದ್ದು. 1948ರಲ್ಲಿ ಕಾಶ್ಮೀರದಲ್ಲಿ ಕಾಳಗ ನಡೀತಾ ಇತ್ತು, ಸೇನೆಗೆ ತುರ್ತಾಗಿ ಜೀಪು ಬೇಕಿತ್ತು. ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ ವಿ. ಕೆ. ಕೃಷ್ಣ ಮೆನನ್ ಒಂದು ವಿದೇಶಿ ಕಂಪನಿ ಜೊತೆ ಸುಮಾರು 80 ಲಕ್ಷ ರೂಪಾಯಿಯ ಒಪ್ಪಂದ ಮಾಡಿಕೊಂಡರು, ರಿಪೇರಿ ಮಾಡಿ ಹೊಸದಾಗಿಸಿದ ಜೀಪುಗಳಿಗೆ. ಬಂದದ್ದು 155 ಗಾಡಿ. ಅವು ಬಳಕೆಗೆ ಯೋಗ್ಯವಲ್ಲ ಅಂತ ಸೇನೆ ತಿರಸ್ಕರಿಸಿತು. ಸಂಸತ್ತಿನಲ್ಲಿ ವರ್ಷಗಟ್ಟಲೆ ಗದ್ದಲ ಆಗಿ, 1955ರಲ್ಲಿ ಸರ್ಕಾರ ಪ್ರಕರಣ ಮುಚ್ಚಿತು. ರಾಜಕೀಯ ಬದಿಗಿರಲಿ. ನನ್ನ ಕಣ್ಣಿಗೆ ಬೀಳೋದು ಅದರೊಳಗಿನ ತಾಂತ್ರಿಕ ಪ್ರಶ್ನೆ: ಬಣ್ಣ ಬಳಿದು ನಿಲ್ಲಿಸಿದ ಹಳೇ ಫೋರ್ ವೀಲ್ ಡ್ರೈವ್ ಗಾಡಿಯನ್ನು ಪರೀಕ್ಷಿಸೋದು ಹೇಗೆ? ನೇರ ರಸ್ತೆಯಲ್ಲಿ ಓಡಿಸಿದರೆ ಮುಂದಿನ ಆಕ್ಸಲ್ ಬಗ್ಗೆ ಏನೂ ಗೊತ್ತಾಗಲ್ಲ, ಟೂ ವೀಲಿನಲ್ಲಿ ಅದು ಸುಮ್ಮನೆ ಉರುಳ್ತಾ ಇರುತ್ತೆ. ಇವತ್ತು ಪುಣೆ, ಹೈದರಾಬಾದಿನಲ್ಲಿ ಸೆಕೆಂಡ್ ಹ್ಯಾಂಡ್ ಎಸ್‌ಯುವಿ ನೋಡೋಕೆ ಹೋದಾಗಲೂ ಇದೇ ಪ್ರಶ್ನೆ, ಟೆಸ್ಟ್ ಡ್ರೈವ್ ಕೊಡೋದು ಫ್ಲೈಓವರ್ ಮೇಲೆ.

'ಸುಮ್ಮನೆ ಉರುಳ್ತಾ ಇರುತ್ತೆ' ಅನ್ನೋದೇ ಮುಂದಿನ ಸಮಸ್ಯೆ. ಟೂ ವೀಲಿನಲ್ಲಿದ್ದರೂ ಮುಂದಿನ ಚಕ್ರಗಳು ಆಕ್ಸಲನ್ನೂ ಕ್ರೌನ್ ಪಿನಿಯನನ್ನೂ ಪ್ರೊಪೆಲ್ಲರ್ ಶಾಫ್ಟನ್ನೂ ಎಳೆದುಕೊಂಡೇ ತಿರುಗ್ತವೆ. ಪೆಟ್ರೋಲ್ ದಂಡ, ಸವೆತ, ಗದ್ದಲ. 1948ರಲ್ಲಿ ಸಿಯಾಟಲ್‌ನ ಆರ್ಥರ್ ವಾರ್ನ್, ಯುದ್ಧದ ಜೀಪುಗಳನ್ನು ಕೊಂಡ ಜನಕ್ಕಾಗಿ ಲಾಕಿಂಗ್ ಹಬ್ ಮಾಡಿ ಮಾರೋಕೆ ಶುರು ಮಾಡಿದ. ಗಾಡಿಯಿಂದ ಇಳಿದು ಚಕ್ರದ ನಡುವಿನ ಗುಂಡಿ ತಿರುಗಿಸಿದರೆ ಚಕ್ರಕ್ಕೂ ಆಕ್ಸಲ್ ಶಾಫ್ಟಿಗೂ ಸಂಬಂಧ ಕಡಿಯುತ್ತೆ. ಅದೇ ವರ್ಷ ಏಪ್ರಿಲಿನಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಬಂದ ಲ್ಯಾಂಡ್‌ರೋವರ್ ಬೇರೆ ಜಾಣತನ ಮಾಡಿತ್ತು, ಮುಂದಿನ ಡ್ರೈವಿನಲ್ಲಿ ಸೈಕಲ್ಲಿನ ಹಿಂದಿನ ಚಕ್ರದಲ್ಲಿರೋ ಥರದ ಫ್ರೀವೀಲ್. ಮುಂದಿನ ಚಕ್ರ ಬೇಗ ಓಡಬೇಕು ಅಂದ್ರೆ ಓಡಲಿ ಅಂತ ಬಿಡುತ್ತೆ. ಆದ್ರೆ ಇಳಿಜಾರಿನಲ್ಲಿ ಮುಂದಿನ ಚಕ್ರಕ್ಕೆ ಎಂಜಿನ್ ಬ್ರೇಕಿಂಗ್ ಸಿಗಬೇಕಂದ್ರೆ ಅದನ್ನ ಪ್ರತ್ಯೇಕವಾಗಿ ಲಾಕ್ ಮಾಡಬೇಕಿತ್ತು. 1950ರಲ್ಲಿ ಅದನ್ನ ಕೈಬಿಟ್ಟು ಅವರೂ ಲೀವರಿಗೇ ಬಂದರು.

ನಮ್ಮ ದೇಶದಲ್ಲಿ ಹಬ್ ತಿರುಗಿಸೋದನ್ನ ಬಹಳ ಜನ ಕಲಿತದ್ದು ಜಿಪ್ಸಿಯಿಂದ, 1985ರಲ್ಲಿ ಮಾರುತಿ ತಂದದ್ದು. ಹಬ್ಬಿನ ರೋಗ ಸರಳ: ವರ್ಷಗಟ್ಟಲೆ ಮುಟ್ಟದೇ ಬಿಟ್ಟರೆ ಗ್ರೀಸ್ ಒಣಗಿ ಅಂಟಾಗಿ, ಒಳಗಿನ ಹಲ್ಲುಗಳು ಜಾರಿ ಕೂರೋದೇ ಇಲ್ಲ. ಇಲ್ಲಾಂದ್ರೆ ಒಂದು ಹಬ್ ಲಾಕ್, ಇನ್ನೊಂದು ಫ್ರೀ. ಒಂದು ಕಡೆ ಫ್ರೀ ಇದ್ದರೆ ಮುಂದಿನ ಡಿಫರೆನ್ಷಿಯಲ್ ಇರೋ ತಿರುಗನ್ನೆಲ್ಲ ಆ ಖಾಲಿ ಶಾಫ್ಟಿಗೇ ಕೊಟ್ಟುಬಿಡುತ್ತೆ. ಪರಿಣಾಮ, ಮುಂದಿನ ಎರಡೂ ಚಕ್ರ ಕೆಲಸಕ್ಕಿಲ್ಲ.

ಮಳೆಯಲ್ಲಿ ಇಳಿದು ಹಬ್ ತಿರುಗಿಸೋಕೆ ಯಾರಿಗೆ ಇಷ್ಟ? 1980ರ ದಶಕದಲ್ಲಿ ಕೂತಲ್ಲೇ ಕೆಲಸ ಆಗಬೇಕು ಅಂತಾಯ್ತು. ಆಗ ಬಂದದ್ದು ವ್ಯಾಕ್ಯೂಮ್. ಎಂಜಿನ್ನಿನ ಹೀರುವ ಶಕ್ತಿಯನ್ನೇ ಸಣ್ಣ ಪೈಪಿನಲ್ಲಿ ತಂದು, ಒಂದು ರಬ್ಬರ್ ಪೊರೆಯನ್ನು ಎಳೆದು, ಅದರಿಂದ ಆಕ್ಸಲನ್ನು ಸೇರಿಸೋದು, ಬಿಡಿಸೋದು. ಷೆವರ್ಲೆ ಎಸ್-10 ಬ್ಲೇಜರ್ ಇದಕ್ಕೆ ಹೆಸರಾಂತ ಉದಾಹರಣೆ. ಅದರ ವ್ಯಾಕ್ಯೂಮ್ ಆಕ್ಚುಯೇಟರನ್ನು ಕೂರಿಸಿದ್ದು ಬ್ಯಾಟರಿ ಟ್ರೇ ಕೆಳಗೆ, ಅಲ್ಲಿಂದ ಕೇಬಲ್ ಮೂಲಕ ಮುಂದಿನ ಆಕ್ಸಲಿಗೆ. ಬ್ಯಾಟರಿಯ ಆಸಿಡ್ ತೊಟ್ಟಿಕ್ಕಿ ಅದನ್ನ ತಿಂದುಹಾಕ್ತಿತ್ತು. ಅದೇ ಸಾಲದು ಅಂತ, ಟ್ರಾನ್ಸ್‌ಫರ್ ಕೇಸಿನ ಮೇಲಿನ ಸ್ವಿಚ್ ಸೋರಿದರೆ ಅದರೊಳಗಿನ ಎಣ್ಣೆ ವ್ಯಾಕ್ಯೂಮ್ ಪೈಪಿನೊಳಕ್ಕೆ ಹೀರಿಕೊಂಡು ಬರ್ತಿತ್ತು. ಫೋರ್ ವೀಲ್ ಕೆಲಸ ಮಾಡದ ಗಾಡಿಯಲ್ಲಿ ಎಸಿ ಗಾಳಿಯ ದಿಕ್ಕೂ ಬದಲಾಗದೇ ಹೋಗ್ತಿತ್ತು, ಯಾಕಂದ್ರೆ ಎರಡಕ್ಕೂ ಒಂದೇ ವ್ಯಾಕ್ಯೂಮ್. ಮೇಲ್ನೋಟಕ್ಕೆ ಸಂಬಂಧವೇ ಇಲ್ಲದ ಎರಡು ಬಗ್, ಒಂದೇ ಮೂಲ. ನಮ್ಮ ಕೆಲಸದಲ್ಲಿ ಇದನ್ನ ನೋಡದವರು ಯಾರಿದ್ದಾರೆ?

ಡೀಸೆಲ್ ಎಂಜಿನ್ ತಾನಾಗಿ ಅಷ್ಟು ವ್ಯಾಕ್ಯೂಮ್ ಹುಟ್ಟಿಸಲ್ಲ, ಅದಕ್ಕೆ ಪ್ರತ್ಯೇಕ ಪಂಪ್ ಬೇಕು. ಅನೇಕ ಹಳೆಯ ಡೀಸೆಲ್ ಗಾಡಿಗಳಲ್ಲಿ ಅದು ಆಲ್ಟರ್ನೇಟರ್ ಬೆನ್ನಿಗೇ ಅಂಟಿಕೊಂಡಿರುತ್ತೆ, ಬ್ರೇಕ್ ಬೂಸ್ಟರಿಗೂ ಅದೇ ಆಧಾರ. ಪುಣೆಯ ನನ್ನ ಸಹೋದ್ಯೋಗಿ, ಹುಬ್ಬಳ್ಳಿಯವರು, ಹಳೇ ಡೀಸೆಲ್ ಎಸ್‌ಯುವಿ ಒಂದನ್ನ ಕೊಂಡಿದ್ದರು. ಫೋರ್ ವೀಲ್ ಹತ್ತುತ್ತಿರಲಿಲ್ಲ. ಒಂದು ವರ್ಕ್‌ಶಾಪ್‌ನವರು ಟ್ರಾನ್ಸ್‌ಫರ್ ಕೇಸ್ ಬದಲಿಸಬೇಕು ಅಂತ ಲಕ್ಷ ದಾಟಿದ ಎಸ್ಟಿಮೇಟ್ ಬರೆದುಕೊಟ್ಟರು. 'ಏನ್ ಮಾಡೂದ್ರೀ, ಹಂಗಾ ಮಾರಿಬಿಡಲೇನು?' ಅಂತ ನನ್ನ ಕೇಳಿದರು. ಬ್ರೇಕ್ ಪೆಡಲ್ ಗಟ್ಟಿ ಇದೆಯಾ ಅಂತ ಕೇಳಿದೆ. ಬ್ರೇಕ್ ಚೆನ್ನಾಗಿತ್ತು, ಅಂದರೆ ಪಂಪ್ ಸರಿ ಇದೆ. ಹಾಗಾದ್ರೆ ಪಂಪಿನಿಂದ ಮುಂದಿನ ಹಬ್ಬಿನವರೆಗಿನ ದಾರಿಯಲ್ಲಿ ಎಲ್ಲೋ ತೂತು. ಕಿರುಬೆರಳಿನಷ್ಟೂ ದಪ್ಪ ಇಲ್ಲದ ಒಂದು ರಬ್ಬರ್ ಪೈಪು, ಎಂಜಿನ್ ಶಾಖಕ್ಕೆ ಗರಿಗರಿಯಾಗಿ ಬಾಗುವ ಕಡೆ ಸೀಳಿತ್ತು. ಗಾಡಿ ಇನ್ನೂ ಅವರ ಹತ್ತಿರವೇ ಇದೆ.

ಇಲ್ಲಿ ಪರೀಕ್ಷೆಯ ಕ್ರಮ ಹೇಳಿಬಿಡ್ತೀನಿ, ವಿಡಿಯೋದಲ್ಲಿ ಗಾಡಿ ಕೆಳಗೆ ಮಲಗಿ ತೋರಿಸಿದ್ದು ಇದನ್ನೇ. ಗಿಟ್ ಬೈಸೆಕ್ಟ್ ಗೊತ್ತಲ್ಲ, ನಡುವಿಗೆ ಹೋಗಿ ತಪ್ಪು ಆ ಕಡೆಯೋ ಈ ಕಡೆಯೋ ಅಂತ ನೋಡೋದು. ಫೋರ್ ವೀಲ್ ಡ್ರೈವಿನಲ್ಲಿ ಆ ನಡು ಅಂದ್ರೆ ಮುಂದಿನ ಪ್ರೊಪೆಲ್ಲರ್ ಶಾಫ್ಟ್. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಚಕ್ರಗಳಿಗೆ ಹಿಂದೂ ಮುಂದೂ ಕಲ್ಲು ಕೊಟ್ಟು, 4 ಹೈಗೆ ಹಾಕಿ, ಎಂಜಿನ್ ಆರಿಸಿ. ಕಲ್ಲು ಕೊಡೋದನ್ನ ಮಾತ್ರ ಬಿಡಬೇಡಿ, ಟ್ರಾನ್ಸ್‌ಫರ್ ಕೇಸ್ ಅರ್ಧಕ್ಕೆ ನ್ಯೂಟ್ರಲಿನಲ್ಲಿ ನಿಂತಿದ್ದರೆ ಗೇರಿನಲ್ಲಿದ್ದರೂ ಗಾಡಿ ಉರುಳುತ್ತೆ. ಈಗ ಮುಂದಿನ ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಿ. ಅಲ್ಲಾಡಲಿಲ್ಲ ಅಂದ್ರೆ ಅದು ಹಿಂದಿನ ಆಕ್ಸಲಿಗೆ ಬಿಗಿಯಾಗಿ ಸೇರಿದೆ, ಟ್ರಾನ್ಸ್‌ಫರ್ ಕೇಸ್ ತನ್ನ ಕೆಲಸ ಮಾಡಿದೆ. ಹಾಗಿದ್ದೂ ಮುಂದಿನ ಚಕ್ರ ಎಳೀತಾ ಇಲ್ಲ ಅಂದ್ರೆ ತಪ್ಪು ಶಾಫ್ಟಿನಿಂದ ಮುಂದೆ, ಹಬ್ಬಿನಲ್ಲೋ ಆಕ್ಸಲ್ ಸೇರಿಸುವ ವ್ಯವಸ್ಥೆಯಲ್ಲೋ. ಹಬ್ ಬಿಟ್ಟುಕೊಂಡಿರೋ ಇಂಥ ಗಾಡಿಯಲ್ಲಿ 4 ಹೈ ಹಾಕಿದ ಮೇಲೂ ಶಾಫ್ಟ್ ಸುಲಭವಾಗಿ ತಿರುಗಿದರೆ ತಪ್ಪು ಹಿಂದೆ, ಟ್ರಾನ್ಸ್‌ಫರ್ ಕೇಸಿನಲ್ಲಿ ಅಥವಾ ಅದಕ್ಕೆ ಆಜ್ಞೆ ಕೊಡುವ ಮೋಟಾರಿನಲ್ಲಿ. ಐದು ನಿಮಿಷದ ಕೆಲಸ, ಒಂದು ಸ್ಪ್ಯಾನರ್ ಕೂಡ ಬೇಡ. ಲಕ್ಷದ ಎಸ್ಟಿಮೇಟಿಗೆ ಸಹಿ ಹಾಕುವ ಮೊದಲು ಇಷ್ಟು ಕೇಳಿ: ಮುಂದಿನ ಶಾಫ್ಟ್ ತಿರುಗಿಸಿ ನೋಡಿದಿರಾ?

ಆಜ್ಞೆ ಕೊಡುವ ಮೋಟಾರ್ ಅಂದೆ. ಅದೂ 1980ರ ದಶಕದ್ದೇ, ಫೋರ್ಡ್ ಬ್ರಾಂಕೋ 2ರಲ್ಲಿ ಲೀವರ್ ಬದಲು ಗುಂಡಿ ಬಂತು. ನನ್ನ ಪ್ರಕಾರ ಇಡೀ ಇತಿಹಾಸದಲ್ಲಿ ರೋಗಪತ್ತೆಯ ರೀತಿಯನ್ನೇ ಬದಲಾಯಿಸಿದ ಹೆಜ್ಜೆ ಇದು. ಲೀವರ್ ಇದ್ದಾಗ ಲೀವರ್ ಎಲ್ಲಿದೆಯೋ ಗೇರ್ ಅಲ್ಲಿದೆ, ಕೈಗೆ ಗೊತ್ತಾಗುತ್ತೆ. ಗುಂಡಿ ಬಂದ ಮೇಲೆ ನೀವು ಮಾಡೋದು ಬರೀ ಒಂದು ರಿಕ್ವೆಸ್ಟ್. ಅದು ಒಂದು ಕಂಟ್ರೋಲ್ ಯೂನಿಟ್‌ಗೆ ಹೋಗುತ್ತೆ. ವೇಗ ಎಷ್ಟಿದೆ, ಲೋ ಕೇಳಿದ್ದರೆ ಗಾಡಿ ನಿಂತಿದೆಯಾ, ನ್ಯೂಟ್ರಲ್ ಇದೆಯಾ, ಕ್ಲಚ್ ಒತ್ತಿದ್ದಾರಾ ಅಂತ ನೋಡುತ್ತೆ. ಎಲ್ಲ ಸರಿ ಇದ್ದರೆ ಮೋಟಾರ್ ತಿರುಗಿಸುತ್ತೆ. ಮೋಟಾರ್ ಎಲ್ಲಿ ನಿಂತಿತು ಅಂತ ಇನ್ನೊಂದು ಸೆನ್ಸರ್ ಹೇಳಬೇಕು. ದೀಪ ಮಿನುಗ್ತಾ ಇದೆ ಅಂದ್ರೆ ಸಾಮಾನ್ಯವಾಗಿ ಅರ್ಥ ಇಷ್ಟೇ: ರಿಕ್ವೆಸ್ಟ್ ಹೋಗಿದೆ, ಅಕ್ನಾಲೆಡ್ಜ್‌ಮೆಂಟ್ ಬಂದಿಲ್ಲ. ಗೇರ್ ನಿಜಕ್ಕೂ ಬಿದ್ದಿಲ್ಲದೇ ಇರಬಹುದು, ಬಿದ್ದೂ ಸೆನ್ಸರ್ ಸುಳ್ಳು ಹೇಳ್ತಾ ಇರಬಹುದು. ನ್ಯೂಟ್ರಲ್ ಸ್ವಿಚ್ ಕೆಟ್ಟಿದ್ದರೆ ಲೋ ಯಾವತ್ತೂ ಬೀಳಲ್ಲ, ಟ್ರಾನ್ಸ್‌ಫರ್ ಕೇಸ್ ಹೊಚ್ಚ ಹೊಸದಾಗಿದ್ದರೂ. ಬ್ಯಾಟರಿ ಸೊರಗಿದ್ದರೆ ಮೋಟಾರ್ ಅರ್ಧದಲ್ಲೇ ನಿಲ್ಲಬಹುದು. ಇಲ್ಲಿ ಸ್ಕ್ಯಾನರ್ ಬೇಕೇ ಬೇಕು. ಆದ್ರೆ ಸ್ಕ್ಯಾನರ್ ಹೇಳೋದು ದೂರು ಯಾವ ಸರ್ಕ್ಯೂಟಿನದ್ದು ಅಂತ, ಯಾವ ಭಾಗ ಬದಲಿಸಬೇಕು ಅಂತಲ್ಲ. ಮೋಟಾರಿನ ಕೋಡ್ ಬಂದ ಕೂಡಲೇ ಮೋಟಾರ್ ಕೊಳ್ಳೋರನ್ನ ನೋಡಿದಾಗ, ಸ್ಟ್ಯಾಕ್ ಟ್ರೇಸಿನ ಮೊದಲ ಸಾಲು ಓದಿ ಲೈಬ್ರರಿ ಬದಲಿಸೋ ಹುಡುಗರ ನೆನಪಾಗುತ್ತೆ. ಮೊದಲು ಕನೆಕ್ಟರ್ ಬಿಚ್ಚಿ ಹಸಿರು ತುಕ್ಕು ಇದೆಯಾ ನೋಡಿ, ಗಾಡಿ ಹೊಟ್ಟೆಯಡಿ ಕೆಸರು ಬಡಿಯೋ ಜಾಗ ಅದು.

ಇನ್ನೊಂದು ಕವಲು ಬೇಗ ಹೇಳಿ ಮುಗಿಸ್ತೀನಿ. ಆ ಯೂ ಟರ್ನ್ ಸಾಲವನ್ನು ಬೇರುಸಹಿತ ತೀರಿಸೋ ದಾರಿ ಎರಡು ಆಕ್ಸಲ್ ನಡುವೆ ಮೂರನೇ ಡಿಫರೆನ್ಷಿಯಲ್ ಇಡೋದು. 1966ರ ಜೆನ್ಸನ್ ಎಫ್‌ಎಫ್ ಕಾರು, 1970ರ ರೇಂಜ್ ರೋವರ್, 1980ರ ಆಡಿ ಕ್ವಾಟ್ರೋ ಆ ದಾರಿಯವು. 1973ರ ಸುಮಾರಿಗೆ ಜೀಪ್ ವ್ಯಾಗನಿಯರ್‌ನಲ್ಲಿ ಬಂದ ಕ್ವಾಡ್ರಾ-ಟ್ರಾಕ್ ಗೇರುಗಳ ಬದಲು ಚೈನ್ ಬಳಸಿತು, ಆಮೇಲೆ ಚೈನೇ ರೂಢಿ ಆಯ್ತು. ಮೆತ್ತಗೆ ಓಡುತ್ತೆ, ಹಗುರ, ಆದ್ರೆ ಸೈಕಲ್ ಚೈನಿನ ಹಾಗೆ ಜಗ್ಗುತ್ತೆ. ಫೋರ್ ವೀಲಿನಲ್ಲಿ ಜೋರಾಗಿ ಎಳೆಸಿದಾಗ ಮಾತ್ರ ಕಾಲಡಿಯಿಂದ ಕಟಕಟ ಅಂತ ಹಲ್ಲು ಹಾರುವ ಸದ್ದು ಬಂದರೆ ಚೈನ್ ಮೇಲೆ ಅನುಮಾನ ಪಡಿ.

ಇವತ್ತಿನ ಆಲ್ ವೀಲ್ ಡ್ರೈವ್ ಎಸ್‌ಯುವಿಗಳಲ್ಲಿ ಡಿಫರೆನ್ಷಿಯಲ್ ಬದಲು ಎಲೆಕ್ಟ್ರಾನಿಕ್ ಕ್ಲಚ್ ಇರೋದು ಹೆಚ್ಚು. ಅದಕ್ಕೆ ಶತ್ರು ಕೆಸರಲ್ಲ, ಪಂಕ್ಚರ್ ಅಂಗಡಿ. ಮೂರು ಹಳೇ ಟೈರ್, ಒಂದು ಹೊಸ ಟೈರ್. ಸವೆದ ಟೈರಿನ ತ್ರಿಜ್ಯ 5 ಮಿಲಿಮೀಟರ್ ಕಡಿಮೆ ಅಂದುಕೊಳ್ಳಿ, 350 ಮಿಲಿಮೀಟರಿಗೆ ಅದು ಶೇಕಡಾ 1.4. ಒಂದು ಕಿಲೋಮೀಟರಿಗೆ ಚಕ್ರ ಸುಮಾರು 455 ಸುತ್ತು ತಿರುಗಿದರೆ ಆ ಎರಡು ಟೈರುಗಳ ನಡುವೆ ಆರಕ್ಕೂ ಹೆಚ್ಚು ಸುತ್ತಿನ ವ್ಯತ್ಯಾಸ, ಅದೂ ನೇರ ಹೈವೇಯಲ್ಲಿ. ಆಕ್ಸಲಿನ ಡಿಫರೆನ್ಷಿಯಲ್ ಇದನ್ನ ಅರ್ಧ ಮಾಡಿದ್ರೂ, ಪುಣೆಯಿಂದ ಬೆಂಗಳೂರಿಗೆ 840 ಕಿಲೋಮೀಟರ್ ಆ ಕ್ಲಚ್ ಉಜ್ಜಾಡುವ ಅಪಾಯ ಇದೆ. ಶಾಖ ಏರಿತು ಅಂತ ಎಚ್ಚರಿಕೆ ಬಂದರೆ ಮೊದಲು ನಾಲ್ಕೂ ಟೈರಿನ ಗಾಳಿ ಮತ್ತು ಸವೆತ ಅಳೆಯಿರಿ.

ಮಳೆಗಾಲಕ್ಕೆ ಹೊರಡೋರಿಗೆ ಕೊನೆಯದಾಗಿ ಬ್ರೀದರ್ ವಿಷಯ. ಆಕ್ಸಲ್ ಹೌಸಿಂಗ್ ಓಡಿ ಓಡಿ ಬಿಸಿಯಾಗಿರುತ್ತೆ. ಹಾಗೇ ಹಳ್ಳಕ್ಕೆ ಇಳಿಸಿದರೆ ಒಳಗಿನ ಗಾಳಿ ತಟ್ಟನೆ ತಣ್ಣಗಾಗಿ ಕುಗ್ಗುತ್ತೆ, ಹೊರಗಿಂದ ಏನನ್ನಾದರೂ ಎಳೆದುಕೊಳ್ಳಲೇಬೇಕು. ಬ್ರೀದರ್ ಪೈಪ್ ಎತ್ತರದಲ್ಲಿದ್ದು ತೆರೆದಿದ್ದರೆ ಗಾಳಿ ಬರುತ್ತೆ, ಅದು ಮಣ್ಣು ಕಟ್ಟಿಕೊಂಡಿದ್ದರೆ ಸೀಲಿನ ಸಂದಿಯಿಂದ ನೀರು ಬರುತ್ತೆ. ಮನೆಗೆ ಬಂದ ಮೇಲೆ ಡಿಫರೆನ್ಷಿಯಲ್ ಪ್ಲಗ್ ಬಿಚ್ಚಿ ಎಣ್ಣೆಯ ಬಣ್ಣ ನೋಡಿ. ಹಾಲು ಹೆಚ್ಚಾದ ಕಾಫಿ ಥರ ಇದ್ದರೆ ಅವತ್ತೇ ಬದಲಿಸಿ, ಮುಂದಿನ ಸರ್ವೀಸಿಗೆ ಕಾಯಬೇಡಿ, ಅಷ್ಟರಲ್ಲಿ ಬೇರಿಂಗ್ ತುಕ್ಕು ಹಿಡಿದಿರುತ್ತೆ. ಹಾಗೇ ವರ್ಷಪೂರ್ತಿ ಐಟಿ ಪಾರ್ಕಿಗೆ ಹೋಗಿ ಬರೋ ಗಾಡಿಯಾದರೆ, ಟೊಯೋಟಾದ ಕೆಲವು ಕೈಪಿಡಿಗಳು ತಿಂಗಳಿಗೆ ಸುಮಾರು 16 ಕಿಲೋಮೀಟರ್ ಫೋರ್ ವೀಲಿನಲ್ಲಿ ಓಡಿಸಿ ಅನ್ನುತ್ತವೆ, ಮುಂದಿನ ಭಾಗಗಳಿಗೆ ಎಣ್ಣೆ ತಲುಪಲಿ ಅಂತ. ಪಾರ್ಟ್ ಟೈಮ್ ಗಾಡಿಯಾದರೆ ಅದನ್ನ ಒಣ ಡಾಂಬರಿನ ಮೇಲೆ ಮಾಡಬೇಡಿ. ಮಳೆ ಬಿದ್ದ ದಿನವೋ, ಮಣ್ಣಿನ ದಾರಿಯೋ ನೋಡಿಕೊಳ್ಳಿ. ಮುಂದಿನ ಕಂತಿನಲ್ಲಿ ಜೊಂಗಾ ಬಗ್ಗೆ, ಜಬಲ್‌ಪುರದಲ್ಲಿ ನಿಸಾನ್ ಪ್ಯಾಟ್ರೋಲ್ ವಿನ್ಯಾಸದ ಮೇಲೆ ನಮ್ಮ ಸೇನೆಗಾಗಿ ಕಟ್ಟಿದ ಗಾಡಿ.